ಹೇಳಿದ್ದನ್ನೇ ಹೇಳುವವನು

ಅಕ್ಕನಿಗೆ ಆ ದಿನಗಳು ಇವತ್ತಿಗೂ ಎಣ್ಣೆಯ ವಾಸನೆಯೊಂದಿಗೇ ನೆನಪಾಗುತ್ತವೆ. ಅಡುಗೆ ಎಣ್ಣೆಯಲ್ಲ, ಹೊಲಿಗೆ ಮಷೀನಿನ ಎಣ್ಣೆ. ಮುಂದಿನ ಕೋಣೆಯಲ್ಲಿ ಕಿಟಕಿಗೆ ಒತ್ತಿಕೊಂಡು ಅಮ್ಮನ ಕಾಲುಮಷೀನು, ಅದರ ಮಗ್ಗುಲಿಗೆ ತಂಗಿಯ ಕಂಪ್ಯೂಟರು. ಆ ಕಂಪ್ಯೂಟರು ಎಚ್ಚರಗೊಂಡು ಮೈಮುರಿಯುವಷ್ಟರಲ್ಲಿ ಅಮ್ಮ ಒಂದು ತೋಳು ಹೊಲಿದು ಪಕ್ಕಕ್ಕಿಟ್ಟಿರುತ್ತಿದ್ದಳು. "ನಿನ್ನ ಮಷೀನಿಗೂ ಒಂದು ಹನಿ ಎಣ್ಣೆ ಬಿಡೇ, ಮುಕ್ಕರೀತಾ ಇದೆ" ಎಂದು ತಂಗಿಯನ್ನು ರೇಗಿಸುವುದು ಅವಳ ದಿನನಿತ್ಯದ ಸಂತೋಷಗಳಲ್ಲಿ ಒಂದಾಗಿತ್ತು.

ಮನೆಯಲ್ಲಿ ಮೂವರೂ ದುಡಿಯುವವರೇ. ಅಮ್ಮ ಬೀದಿಯವರ ಪರದೆ, ದಿಂಬಿನ ಗವಸು, ಮಕ್ಕಳ ಶಾಲೆಯ ಅಂಗಿ ಹೊಲಿಯುತ್ತಿದ್ದಳು. ತಂಗಿ ಕಣ್ಣಿನ ಆಸ್ಪತ್ರೆಯ ಕೌಂಟರಿನಲ್ಲಿ ಕೂತು ಬಂದವರ ಹೆಸರು ಬರೆದುಕೊಳ್ಳುತ್ತಿದ್ದಳು. ಅಕ್ಕ ಸಮವಸ್ತ್ರದ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳು. ಒಂದರ ಮೇಲೊಂದು ಪದರ ಹಾಸಿದ ಬಟ್ಟೆಯ ಮೇಲೆ ಯಂತ್ರದ ಕತ್ತರಿ ಓಡಿಸುವ ಕೆಲಸ. ಗೆರೆ ತಪ್ಪಿತೆಂದರೆ ಹಾಳಾಗುವುದು ಒಂದು ಅಂಗಿಯಲ್ಲ, ಇಡೀ ರಾಶಿ. ಹಾಗಾಗಿ ಕತ್ತರಿಸುವ ಮುಂಚೆ ಎರಡು ಸಲ ಅಳೆಯುವ ಅಭ್ಯಾಸ ಅವಳಿಗೆ ರಕ್ತದಲ್ಲೇ ಇಳಿದುಹೋಗಿತ್ತು. ಬಟ್ಟೆಯ ವಿಷಯದಲ್ಲಿ ಮಾತ್ರ ಎಂದು ಆಮೇಲೆ ಗೊತ್ತಾಯಿತು.

ಫೋರಂ ಹುಟ್ಟಿದ್ದು ಅಮ್ಮನ ಮಷೀನು ಕೈಕೊಟ್ಟಾಗ. ಬೀದಿಯ ಕೊನೆಯಲ್ಲಿದ್ದ ರಿಪೇರಿಯವನು ಅಂಗಡಿಯಲ್ಲಿ ಮೊಬೈಲಿನ ಕವರು ತೂಗುಹಾಕಿಕೊಂಡು ಕೂತಿದ್ದ. "ಈ ಕಾಲದಲ್ಲಿ ಕಾಲುಮಷೀನು ಯಾರಿಟ್ಕೋತಾರೆ, ಗುಜರಿಗೆ ಹಾಕಿ" ಎಂದು ಪುಕ್ಕಟೆ ಸಲಹೆ ಕೊಟ್ಟ. ಅಂದಿನಿಂದ ಅಮ್ಮ ಅವನ ಅಂಗಡಿಯ ಮುಂದಿನ ಫುಟ್‌ಪಾತಿನಲ್ಲಿ ನಡೆಯುವುದನ್ನೇ ಬಿಟ್ಟಳು. ತಂಗಿ ಇಂಟರ್ನೆಟ್ಟಿನಲ್ಲಿ ಕೆದಕಿದಳು. ಅಲ್ಲೊಬ್ಬರು ಇಲ್ಲೊಬ್ಬರು ಇದೇ ಗೋಳು ಹೇಳಿಕೊಳ್ಳುವವರು ಸಿಕ್ಕರು. ಅವರಲ್ಲೊಬ್ಬರು ಹೇಳಿದ ಹಾಗೆ ಮಾಡಿದ್ದಕ್ಕೆ ಅಮ್ಮನ ಮಷೀನೂ ಸರಿಹೋಯಿತು. ಇವರನ್ನೆಲ್ಲ ಒಂದು ಕಡೆ ಕೂರಿಸಿದರೆ ಹೇಗೆ ಎಂದು ಅವಳೇ ಒಂದು ಫೋರಂ ಕಟ್ಟಿ 'ಹೊಲಿಗೆಮನೆ' ಎಂದು ಹೆಸರಿಟ್ಟಳು. ಇನ್ನೂ ಒಬ್ಬ ಸದಸ್ಯನೂ ಬಂದಿರಲಿಲ್ಲ, ಅಷ್ಟರಲ್ಲೇ ಅಕ್ಕ ನಿಯಮಗಳನ್ನು ಬರೆದು ಮುಗಿಸಿದ್ದಳು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದು ಎಂದರೆ ಇದೇ. ಹೊಲಿಗೆಯವರ ಮನೆಯಲ್ಲಿ ಅದರಲ್ಲಿ ಆಶ್ಚರ್ಯವೂ ಇಲ್ಲ.

ನಿಯಮಗಳಲ್ಲಿ ಮುಖ್ಯವಾದವು ಎರಡೇ. ಕೇಳದೆ ಯಾರನ್ನೂ ಹೊರಗೆ ಹಾಕುವಂತಿಲ್ಲ. ತನ್ನ ಜಗಳಕ್ಕೆ ತಾನೇ ನ್ಯಾಯ ಹೇಳುವಂತಿಲ್ಲ. ಅವು ಅಕ್ಕನ ತಲೆಯಿಂದ ಬಂದವೂ ಅಲ್ಲ, ಅಮ್ಮನ ಕೋರ್ಟಿನಿಂದ ಬಂದವು. ಅಕ್ಕತಂಗಿಯರು ಚಿಕ್ಕವರಿದ್ದಾಗ ಜಗಳ ಬಿದ್ದು ಓಡಿಬಂದರೆ ಅಮ್ಮ ಮಷೀನು ತುಳಿಯುವುದನ್ನು ನಿಲ್ಲಿಸಿ, "ಹೂಂ, ನೀನು ಹೇಳು" ಎನ್ನುತ್ತಿದ್ದಳು. ಒಬ್ಬಳು ಮುಗಿಸುವ ತನಕ ಇನ್ನೊಬ್ಬಳು ತುಟಿ ಪಿಟಕ್ಕೆನ್ನುವಂತಿರಲಿಲ್ಲ. ಜಗಳ ಅಮ್ಮನ ಜೊತೆಗೇ ಆಗಿದ್ದರೆ ಮಾತ್ರ, "ನಂಗೆ ನಂದೇ ಸರಿ ಅನ್ಸುತ್ತೆ, ಹೋಗಿ ಪಕ್ಕದ ಮನೆ ಅತ್ತೇನ ಕೇಳಿ" ಎಂದು ಕೈತೊಳೆದುಕೊಳ್ಳುತ್ತಿದ್ದಳು. ಪಕ್ಕದ ಮನೆಯ ಅತ್ತೆ ಯಾವಾಗಲೂ ಮಕ್ಕಳ ಪರವಾಗಿಯೇ ತೀರ್ಪು ಕೊಡುತ್ತಿದ್ದಳು. ಅಮ್ಮ ಒಂದು ಸಲವೂ ಅದಕ್ಕೆ ಎದುರಾಡಲಿಲ್ಲ.

ಜನ ಬಂದರು. ಮೊದಲು ಬಂದವರು ಟೈಲರ್ ಮಾವ, ಸೂಟು ಹೊಲಿಯುವುದರಲ್ಲಿ ತಲೆಗೂದಲು ಬೆಳ್ಳಗಾಗಿಸಿಕೊಂಡವರು. ಸೂಜಿಯ ಹಾಗೆ ಚಿಕ್ಕ, ಚೂಪು ಮಾತು. ಅವರನ್ನೂ ಫೋರಂ ನೋಡಿಕೊಳ್ಳುವವರಲ್ಲಿ ಒಬ್ಬರನ್ನಾಗಿ ಮಾಡಿಕೊಂಡರು. ಆಮೇಲೆ ಗಂಡನ ಜೊತೆ ಪರದೆ ಅಂಗಡಿ ನಡೆಸುತ್ತಿದ್ದ ಒಬ್ಬಾಕೆ ಬಂದಳು, ಅವಳು ಎಲ್ಲರಿಗೂ ಪರದೆಯಮ್ಮ. ಬೆಳ್ಳಿ ಮೀಸೆಯ ಗಂಡಸರೂ ಅಕ್ಕನನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಬೀದಿಯಲ್ಲಿ ಅವಳನ್ನು ಯಾರೂ ಅಷ್ಟು ಗೌರವದಿಂದ ಕರೆದವರಿಲ್ಲ. ಅದು ಅವಳಿಗೆ ಇಷ್ಟವಾಗುತ್ತಿತ್ತು, ಸುಳ್ಳೇಕೆ ಹೇಳಬೇಕು.

ಸಂಜೆ ಕೆಲಸದಿಂದ ಬಂದು ಕೈಕಾಲು ತೊಳೆದು ಇಬ್ಬರೂ ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ತಂಗಿ ಪ್ರಶ್ನೆ ಓದುವುದು, ಅಮ್ಮ ಮಷೀನಿನ ಮುಂದೆ ಕೂತಲ್ಲಿಂದಲೇ ಉತ್ತರ ಹೇಳುವುದು, ತಂಗಿ ಟೈಪು ಮಾಡುವುದು. "ಬೆಲ್ಟು ಜಾರಿದ್ರೆ ಮೊದ್ಲು ಚಕ್ರದಲ್ಲಿ ದಾರ ಸಿಕ್ಕಿದ್ಯಾ ನೋಡಿ ಅಂತ ಬರೀ. ಬೈದು ಬರೀಬೇಡ, ಮೆತ್ತಗೆ ಬರೀ." ಜಗತ್ತಿನ ಯಾವುದೋ ಮೂಲೆಯ ಯಾರದೋ ಮಷೀನು ಮತ್ತೆ ಟಕಟಕ ಎನ್ನುತ್ತಿದೆ ಎಂದು ಮಾರನೆಯ ದಿನ ಸುದ್ದಿ ಬಂದರೆ ಅಮ್ಮ, ಹೆರಿಗೆ ಸುಸೂತ್ರವಾಯಿತು ಎಂದು ಕೇಳಿದವಳ ಹಾಗೆ ನೆಮ್ಮದಿಯಿಂದ ಊಟಕ್ಕೆ ಏಳುತ್ತಿದ್ದಳು. ಅಂಥ ಸಂಜೆಗಳು ಮುಗಿದುಹೋಗುತ್ತವೆ ಎಂದು ಆಗ ಯಾರಿಗೆ ಹೊಳೆದೀತು?

ಅಂಥದೇ ಒಂದು ಸಂಜೆ 'ಕ್ಯಾನ್ವಾಸ್' ಎಂಬ ಹೆಸರಿನ ಸದಸ್ಯನೊಬ್ಬ ಬಂದ. ಕ್ಯಾನ್ವಾಸ್ ಬಟ್ಟೆ ಹೊಲಿಯುವಾಗ ಸೂಜಿ ಮುರಿಯುತ್ತದೆ, ಏನು ಮಾಡಬೇಕು ಎಂದು ಕೇಳಿದ. ಟೈಲರ್ ಮಾವ ಬರೆದರು: "ಹದಿನೆಂಟರ ಸೂಜಿ ಹಾಕು. ದಾರಕ್ಕೆ ಮೇಣ ಸವರು." ಕ್ಷಣದಲ್ಲೇ ಕೆಳಗೆ ಅವನ ಉತ್ತರ ಬಂತು: "ಹದಿನೆಂಟರ ಸೂಜಿ ಹಾಕು. ದಾರಕ್ಕೆ ಮೇಣ ಸವರು." ಮಾವನಿಗೆ ಗೊಂದಲವಾಯಿತು. "ಅದನ್ನೇ ನಾನು ಹೇಳಿದ್ದು" ಎಂದರು. ಅವನೂ ಬರೆದ: "ಅದನ್ನೇ ನಾನು ಹೇಳಿದ್ದು." ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಾರನೆಯ ಸಂಜೆ ಅವನಿಂದ ಇನ್ನೊಂದು ಸಾಲು: "ಮಾಡಿದೆ. ಮುರಿಯಲಿಲ್ಲ." ಅಷ್ಟೇ. ಧನ್ಯವಾದವಿಲ್ಲ, ನಗುವ ಮುಖವಿಲ್ಲ.

ಯಾರು ಏನು ಹೇಳಿದರೂ ಅವನು ಮೊದಲು ಅದನ್ನೇ ಅಕ್ಷರ ಬಿಡದೆ ತಿರುಗಿ ಬರೆಯುವನು. ಆಮೇಲೆ ಎರಡು ದಿನಕ್ಕೋ ನಾಲ್ಕು ದಿನಕ್ಕೋ "ಮಾಡಿದೆ" ಎನ್ನುವನು. ಜನ ಅವನಿಗೆ ಗಿಳಿಯಣ್ಣ ಎಂದು ಹೆಸರಿಟ್ಟರು. ಗಿಳಿಪಾಠ ಒಪ್ಪಿಸುತ್ತಿದ್ದಾನೆ ಎಂದು ಕೆಲವರು ನಕ್ಕರು. ಎಲ್ಲರಿಗೂ ನಗು ಬರಲಿಲ್ಲ. ಪರದೆಯಮ್ಮ ಅಕ್ಕನಿಗೆ ಗುಟ್ಟಾಗಿ ಬರೆದಳು: "ನಾನು ಅಷ್ಟು ಉದ್ದ ಕೂತು ಬರೆದು ಹೇಳಿದ್ರೆ ಅಣಕಿಸೋ ಹಾಗೆ ಅದನ್ನೇ ವಾಪಸ್ ಹಾಕ್ತಾನಲ್ಲ ಅಕ್ಕ, ಇದು ಯಾವ ಮರ್ಯಾದೆ?" ಅಕ್ಕ ಅವನಿಗೆ ಒಂದು ಸೂಚನೆ ಕಳಿಸಿದಳು: "ಹೇಳಿದ್ದನ್ನೇ ಮತ್ತೆ ಬರೆಯಬೇಡಿ, ಓದುವವರಿಗೆ ತೊಂದರೆಯಾಗುತ್ತದೆ." ಉತ್ತರ ಏನು ಬಂತೆಂದು ಬೇರೆ ಹೇಳಬೇಕಾಗಿಲ್ಲ. ಅಕ್ಷರ ಬಿಡದೆ ಅದೇ ಸಾಲು ಬಂತು. ಅಕ್ಕನಿಗೆ ಮೈ ಉರಿಯಿತು. ತಂಗಿ ಮಾತ್ರ ಮತ್ತೆ ನಕ್ಕಳು.

ಅಮ್ಮ ಹೋದದ್ದು ಅದಾದ ಕೆಲವು ತಿಂಗಳಿಗೆ. ನರಳಲಿಲ್ಲ, ಯಾರ ಕೈಲೂ ಮಾಡಿಸಿಕೊಳ್ಳಲಿಲ್ಲ. ಬೆಳಗ್ಗೆ ಮಷೀನಿನ ಮುಂದೆ ಕೂತವಳು ಹಾಗೇ ಮುಂದಕ್ಕೆ ಬಾಗಿದಳು. ಸೂಜಿಯ ಕೆಳಗೆ ದಿಂಬಿನ ಗವಸೊಂದು ಅರ್ಧಕ್ಕೆ ನಿಂತಿತ್ತು.

ಮನೆ ತುಂಬ ಜನ ತುಂಬಿಕೊಂಡರು. ಕುರ್ಚಿ ಸಾಲದೆ ಪಕ್ಕದ ಮನೆಯಿಂದ ತಂದರು. ಯಾರೋ ಮಾವ, ಯಾರೋ ಚಿಕ್ಕಪ್ಪ, ವರ್ಷಗಟ್ಟಲೆ ಮುಖ ತೋರಿಸದವರೆಲ್ಲ ಬಂದು ಅಕ್ಕನ ಭುಜ ತಟ್ಟಿದರು. ಮಧ್ಯಾಹ್ನದ ಹೊತ್ತಿಗೆ ತಂಗಿ ಕಂಪ್ಯೂಟರಿನ ಮುಂದೆ ಕೂತು ಫೋರಂನಲ್ಲಿ ಎರಡು ಸಾಲು ಬರೆದಳು. "ಅಮ್ಮ ಇವತ್ತು ಬೆಳಗ್ಗೆ ಹೋದಳು. ಮಷೀನಿನ ಮೇಲೆ ಅರ್ಧ ಹೊಲಿದ ದಿಂಬಿನ ಗವಸು ಹಾಗೇ ಇದೆ." ಬರೆದು ಎದ್ದು ಒಳಗೆ ಹೋಗಿಬಿಟ್ಟಳು.

ಸಂತಾಪದ ಮಾತುಗಳು ಸಾಲುಗಟ್ಟಿದವು. ಆತ್ಮಕ್ಕೆ ಶಾಂತಿ ಸಿಗಲಿ, ಆತ್ಮಕ್ಕೆ ಶಾಂತಿ ಸಿಗಲಿ, ಕೈಮುಗಿದ ಚಿತ್ರ, ಆತ್ಮಕ್ಕೆ ಶಾಂತಿ ಸಿಗಲಿ. ಅಕ್ಕ ಹಿತ್ತಲ ಬಾಗಿಲಲ್ಲಿ ಒರಗಿ ನಿಂತು ಫೋನಿನಲ್ಲಿ ಅವನ್ನೆಲ್ಲ ಓದುತ್ತಿದ್ದಳು. ಓದುತ್ತ ಹೋದವಳಿಗೆ ಅವರೆಲ್ಲರ ನಡುವೆ ಇದು ಸಿಕ್ಕಿತು:

"ಅಮ್ಮ ಇವತ್ತು ಬೆಳಗ್ಗೆ ಹೋದಳು. ಮಷೀನಿನ ಮೇಲೆ ಅರ್ಧ ಹೊಲಿದ ದಿಂಬಿನ ಗವಸು ಹಾಗೇ ಇದೆ."

ಬರೆದವನು ಕ್ಯಾನ್ವಾಸ್. ಅದರ ಕೆಳಗೆ ಆಗಲೇ ಬೆಂಕಿ ಹತ್ತಿತ್ತು. ಸಾವಿನ ಮನೆಯಲ್ಲೂ ಅಣಕವೇ ಎಂದು ಒಬ್ಬರು, ಇವನಿಗೆ ಹೆತ್ತ ತಾಯಿಯಿಲ್ಲವೇ ಎಂದು ಇನ್ನೊಬ್ಬರು, ಮೊದಲಿಂದಲೂ ಹೇಳುತ್ತಿದ್ದೆ ಎಂದು ಪರದೆಯಮ್ಮ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನಕ್ಕೆ ಎಲ್ಲೂ ಬರವಿಲ್ಲ. ಅಕ್ಕನ ಕಣ್ಣಿಗೆ ಕತ್ತಲೆ ಬಂತು. ಬೆಳಗ್ಗಿನಿಂದ ಒಂದು ಹನಿ ನೀರು ಬಾರದಿದ್ದ ಕಣ್ಣು ಅದು. ಅಳುವುದಕ್ಕೆ ಬದಲು ಅವಳ ಬೆರಳು ಅವನನ್ನೂ ಆ ಸಾಲುಗಳನ್ನೂ ಫೋರಂನಿಂದ ತೆಗೆದುಹಾಕುವ ಕೆಂಪು ಗುಂಡಿಯನ್ನು ಹುಡುಕಿ ಒತ್ತಿತು. ಒತ್ತಿದ ಮೇಲೆ ಮೈಯೆಲ್ಲ ಹಗುರವಾದ ಹಾಗೆ ಅನ್ನಿಸಿತು. ಜಗತ್ತಿನಲ್ಲಿ ಆ ದಿನ ಅವಳ ಕೈಲಿ ಆಗುವಂಥದ್ದು ಅದೊಂದೇ ಇತ್ತು.

"ಸರಿಯಾಗಿ ಮಾಡಿದ್ರಿ ಅಕ್ಕ" ಎಂದು ಜನ ಬೆನ್ನು ತಟ್ಟಿದರು. ಟೈಲರ್ ಮಾವ ಒಬ್ಬರೇ, ಅದೂ ವಾರ ಕಳೆದ ಮೇಲೆ, ಖಾಸಗಿಯಾಗಿ ಒಂದು ಸಾಲು ಕಳಿಸಿದರು: "ನಿಯಮ ನೀನೇ ಬರೆದಿದ್ದು ಮಗಳೇ." ಅಕ್ಕ ಹೆಡೆ ಎತ್ತಿದಳು. "ನಿಮ್ಮಮ್ಮ ಹೋದಾಗ ಯಾರಾದ್ರೂ ಅಣಕಿಸ್ಲಿ, ಆಮೇಲೆ ನಂಗೆ ನಿಯಮ ಹೇಳಿ."

ಆಮೇಲಿನ ತಿಂಗಳುಗಳಲ್ಲಿ ಆ ಮನೆಯಲ್ಲಿ ಮಾತು ಎಂಬುದು ಕಡಿಮೆಯಾಯಿತು. ಅಕ್ಕ ತಂಗಿಯ ಮುಖ ನೋಡಿ ಪಾಪ ನೊಂದಿದ್ದಾಳೆ ಎಂದು ಸುಮ್ಮನಿರುವಳು. ತಂಗಿ ಅಕ್ಕನ ಮುಖ ನೋಡಿ ಸುಮ್ಮನಿರುವಳು. ಫೋರಂನಲ್ಲಿ ಪ್ರಶ್ನೆಗಳು ಬರುತ್ತಿದ್ದವು, ಓದಿ ಹೇಳಿದರೆ ಉತ್ತರ ಕೊಡುವವಳು ಇರಲಿಲ್ಲ. ಮಷೀನಿನ ಮೇಲೆ ಒಂದು ಬೆಡ್‌ಶೀಟು ಹೊದಿಸಿಟ್ಟಿದ್ದರು. ಅದನ್ನು ಹಾದು ಹೋಗುವಾಗಲೆಲ್ಲ ಅಕ್ಕನ ಕಾಲು ತಾನಾಗಿ ನಿಧಾನವಾಗುತ್ತಿತ್ತು.

ಒಂದು ರಜಾದಿನ ತಂಗಿ ಆ ಬೆಡ್‌ಶೀಟು ಎತ್ತಿದಳು. ಗವಸನ್ನು ಮುಗಿಸುತ್ತೇನೆ ಎಂದು ಕೂತಳು. ಮಷೀನು ಜಪ್ಪಯ್ಯ ಎಂದರೂ ಅಲುಗಾಡಲಿಲ್ಲ. ಹಳೆಯ ಎಣ್ಣೆ ಗಟ್ಟಿಕಟ್ಟಿತ್ತು. ಇಬ್ಬರೂ ಸೇರಿ ಬಿಚ್ಚಿ, ಸೀಮೆಎಣ್ಣೆಯ ಚಿಂದಿಯಿಂದ ಒಂದೊಂದೇ ಭಾಗ ಒರೆಸತೊಡಗಿದರು. ಕೈ ಕೆಲಸದಲ್ಲಿದ್ದಾಗ ಬಾಯಿ ಸಡಿಲವಾಗುತ್ತದೆ. ಅಕ್ಕನೇ ಮೊದಲು ಬಾಯಿ ಬಿಟ್ಟಳು.

"ಆವತ್ತು ಆ ಗಿಳಿ ಬರೆದಿದ್ದು ಓದಿ ನಿಂಗೆಷ್ಟು ನೋವಾಗಿರ್ಬೇಕು ಅಂತ ನಂಗೆ ಈಗ್ಲೂ ಹೊಟ್ಟೆ ಉರಿಯುತ್ತೆ ಕಣೇ."

ತಂಗಿ ಒರೆಸುವುದನ್ನು ನಿಲ್ಲಿಸಿದಳು. "ನಂಗೆ ನೋವಾಯ್ತು ಅಂತ ಯಾರು ಹೇಳಿದ್ದು?"

"ಮತ್ತೆ?"

"ನನ್ನ ಯಾರಾದ್ರೂ ಕೇಳಿದ್ರಾ? ನೀನು ಕೇಳಿದ್ಯಾ? ನಾನು ಎದ್ದು ಬಂದು ನೋಡೋಷ್ಟರಲ್ಲಿ ಅವನೂ ಇಲ್ಲ, ಅವನು ಬರೆದಿದ್ದೂ ಇಲ್ಲ. ಅವನ್ನ ಹೊರಗೆ ಹಾಕಿ ನೀನು ಪುಣ್ಯ ಕಟ್ಕೊಂಡೆ ಅಂತ ಪರದೆಯಮ್ಮ ಬರೆದಿದ್ಲು. ನಾನು ಓದಿದ್ದು ಆಮೇಲೆ, ಅಳಿಸಿದ್ದೆಲ್ಲ ಬಿದ್ದಿರೋ ಕಡೆ ಹೋಗಿ ಹುಡುಕಿ."

"ಓದಿದ ಮೇಲಾದ್ರೂ ಹೇಳ್ಬಾರ್ದಾ?"

"ಏನಂತ ಹೇಳ್ಲಿ? ನೋವಾಗಿರೋದು ನಿಂಗೆ ಅಂದ್ಕೊಂಡಿದ್ದೆ. ಮಾತು ತೆಗೆದ್ರೆ ಎಲ್ಲಿ ಅಳ್ತೀಯೋ ಅಂತ ಸುಮ್ನಿದ್ದೆ." ತಂಗಿ ಚಿಂದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅಕ್ಕ, ಅಷ್ಟೂ ಜನ ಶಾಂತಿ ಸಿಗಲಿ ಅಂದ್ರಲ್ಲ, ಅದ್ರಲ್ಲಿ ಒಬ್ಬರಾದ್ರೂ ದಿಂಬಿನ ಗವಸಿನ ಮಾತು ಎತ್ತಿದ್ರಾ? ನಾನು ಬರೆದಿದ್ದೇ ಅದಕ್ಕೆ. ಅದು ಹಾಗೇ ಇದೆ, ಅದನ್ನ ಏನು ಮಾಡ್ಲಿ ಅಂತ ಗೊತ್ತಾಗದೆ ಬರೆದೆ. ಅವನೊಬ್ಬ ಓದಿದ್ದ ಅನ್ನಿಸ್ತು."

ತಂಗಿ ಈಗ ನಿಲ್ಲುವ ಹಾಗಿರಲಿಲ್ಲ.

"ಅಮ್ಮನಿಗೆ ಅವನಂದ್ರೆ ಇಷ್ಟ ಇತ್ತು, ಗೊತ್ತಾ ನಿಂಗೆ? ನೀನು ಕಾರ್ಖಾನೆಯಲ್ಲಿ ಓವರ್‌ಟೈಮ್ ಮಾಡ್ತಿದ್ದಾಗ ಅವನಿಗೆ ದಪ್ಪ ಮಡಿಕೆ ಹೊಲಿಯೋದು ಹೇಳಿಕೊಟ್ಲು. ಮಡಿಕೆ ಬಂದಾಗ ಕಾಲು ತೆಗಿ, ಚಕ್ರ ಕೈಯಲ್ಲಿ ತಿರುಗಿಸು ಅಂದ್ಲು. ಅವನು ಅದನ್ನೇ ತಿರುಗಿ ಬರೆದ. ನಾನು ನಕ್ಕೆ. ಅಮ್ಮ ಬೈದ್ಲು ನನ್ನ. 'ನಗಬೇಡ. ಇವನೊಬ್ಬ ಸರಿಯಾಗಿ ಕೇಳಿಸ್ಕೊಳ್ತಾನೆ ನೋಡು' ಅಂದ್ಲು."

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಎಂದು ಹಿರಿಯರು ಕೇಳಿದ್ದಾರೆ. ಅಕ್ಕ ಕೊಯ್ದದ್ದು ತನ್ನ ಮೂಗೂ ಅಲ್ಲ, ಇನ್ನೊಬ್ಬನದು. ಅವಳು ಸೀಮೆಎಣ್ಣೆಯ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಅಮ್ಮ ಹೋದ ಮೇಲೆ ಮೊದಲ ಸಲ. ತಂಗಿ ಸಮಾಧಾನ ಹೇಳಲಿಲ್ಲ, ಪಕ್ಕದಲ್ಲಿ ಕೂತು ತಾನೂ ಅತ್ತಳು. ಅಳು ಮುಗಿದ ಮೇಲೆ ಇಬ್ಬರ ಮುಖವೂ ಮಸಿ ಬಳಿದುಕೊಂಡ ಹಾಗಾಗಿತ್ತು. ಒಬ್ಬರನ್ನೊಬ್ಬರು ನೋಡಿ ನಕ್ಕೂ ಬಿಟ್ಟರು.

ಅದೇ ದಿನ ಅಕ್ಕ ಅವನ ಮೇಲಿನ ನಿಷೇಧ ತೆಗೆದಳು. ಕ್ಷಮೆ ಕೇಳಿ ಮೇಲ್ ಕಳಿಸಿದಳು. ಉತ್ತರವಿಲ್ಲ. ಇನ್ನೊಂದು ಕಳಿಸಿದಳು. ಅದಕ್ಕೂ ಇಲ್ಲ. ಕೊನೆಗೆ ನಾಚಿಕೆ ಬಿಟ್ಟು ಟೈಲರ್ ಮಾವನಿಗೇ ಬರೆದಳು. ಮಾವ ಹಳೆಯ ಮಾತನ್ನು ಎತ್ತಲಿಲ್ಲ. "ಒಂದು ಸಲ ಅವನಿಗೆ ಸೂಜಿ ಪಾರ್ಸೆಲ್ ಮಾಡಿದ್ದೆ. ನಂಬರ್ ಇದೆ. ಮಾತಾಡು. ಈ ಸಲ ಕೇಳು" ಎಂದು ನಂಬರು ಕಳಿಸಿದರು.

ಕಾರ್ಖಾನೆಯ ಊಟದ ಹೊತ್ತಿನಲ್ಲಿ ಅಕ್ಕ ಬಟ್ಟೆಯ ರಾಶಿಗಳ ಹಿಂದೆ ಹೋಗಿ ಫೋನು ಮಾಡಿದಳು. ಅತ್ತ ಕಡೆಯಿಂದ ವಯಸ್ಸಾದ, ದಪ್ಪನೆಯ ದನಿ "ಹಲೋ" ಎಂದಿತು.

"ನಮಸ್ಕಾರ. ನಾನು ಹೊಲಿಗೆಮನೆ ಅಕ್ಕ ಮಾತಾಡ್ತಿದ್ದೀನಿ."

"ಹೊಲಿಗೆಮನೆ ಅಕ್ಕ ಮಾತಾಡ್ತಿದ್ದೀನಿ" ಎಂದಿತು ದನಿ.

ಪರದೆಯ ಮೇಲೆ ಓದಿ ಅಕ್ಕ ಹಲ್ಲು ಕಡಿದಿದ್ದ ಅದೇ ರೀತಿ. ಆದರೆ ಕಿವಿಯಲ್ಲಿ ಕೇಳಿದರೆ ಅದರಲ್ಲಿ ಅಣಕದ ಒಂದು ಎಳೆಯೂ ಇರಲಿಲ್ಲ. ಎರಡೂ ಕೈ ಚಾಚಿ ವಸ್ತುವೊಂದನ್ನು ಜೋಪಾನವಾಗಿ ತೆಗೆದುಕೊಳ್ಳುವವರ ದನಿ ಅದು. ಅವಳು ಇನ್ನೇನು ಹೇಳಬೇಕೆಂದು ತಡಕಾಡುತ್ತಿದ್ದಾಗ ಆತನೇ ಮುಜುಗರದಿಂದ ಗಂಟಲು ಸರಿಮಾಡಿಕೊಂಡ.

"ತಪ್ಪು ತಿಳೀಬೇಡಿ. ಅಭ್ಯಾಸ ಬಲ. ನಾನು ಹಡಗಲ್ಲಿ ಚುಕ್ಕಾಣಿ ಹಿಡೀತಿದ್ದೋನು. ಸರಕಿನ ಹಡಗು. ಕ್ಯಾಪ್ಟನ್ 'ಎಡಕ್ಕೆ ಹತ್ತು ಡಿಗ್ರಿ' ಅಂದ್ರೆ ನಾನೂ 'ಎಡಕ್ಕೆ ಹತ್ತು ಡಿಗ್ರಿ' ಅನ್ಬೇಕು. ಆಮೇಲೆ ಚಕ್ರ ತಿರುಗಿಸ್ಬೇಕು. ತಿರುಗಿಸಿ ಆದ್ಮೇಲೆ ಆಯ್ತು ಅನ್ಬೇಕು. ಹಾಗೆ ಹೇಳದೇ ಹೋದ್ರೆ ಮಾತು ನಂಗೆ ಮುಟ್ತೋ ಇಲ್ವೋ ಅವರಿಗೆ ಹೇಗೆ ಗೊತ್ತಾಗ್ಬೇಕು? ಗಾಳಿ, ಇಂಜಿನ್ನಿನ ಸದ್ದು. ಒಂದು ಮಾತು ತಪ್ಪಿದ್ರೆ ಹಡಗೇ ಬಂಡೆಗೆ. ಈಗ ಮನೇಲಿ ಕೂತು ದೋಣಿಗಳಿಗೆ ಕ್ಯಾನ್ವಾಸ್ ಹೊಲೀತೀನಿ. ಬಾಯಿ ಮಾತ್ರ ಇನ್ನೂ ಹಡಗಲ್ಲೇ ಇದೆ. ನನ್ನ ಹೆಂಡ್ತಿಗೆ ಅಭ್ಯಾಸ ಆಗಿತ್ತು."

"ಅದನ್ನ ಅಲ್ಲೇ ಒಂದು ಮಾತು ಹೇಳ್ಬಹುದಿತ್ತಲ್ಲ?"

"ಯಾರೂ ಕೇಳಲಿಲ್ಲ" ಎಂದ. ದೂರುವ ದನಿಯಲ್ಲ, ಇದ್ದದ್ದನ್ನು ಹೇಳುವ ದನಿ. "ಮೊದ್ಲು ಎಲ್ಲರೂ ಹಾಗೇ ಮಾಡ್ತಾರೆ ಅಂದ್ಕೊಂಡಿದ್ದೆ. ನೀವು ಬೇಡ ಅಂದ್ಮೇಲೂ ಕೈ ಕೇಳಲಿಲ್ಲ. ನಿಮ್ಮ ಫೋರಂನಲ್ಲೂ ಯಾರ ಮುಖಾನೂ ಕಾಣಲ್ಲ. ಮಾತು ಮುಟ್ತು ಅಂತ ತಿಳಿಸದೇ ಇದ್ರೆ ಹೇಳ್ದೋರು ಕಾಯ್ತಾ ಇರ್ತಾರಲ್ಲ ಅಂತ."

ಅಕ್ಕ ಕೇಳಬೇಕಾದ್ದನ್ನು ಕೇಳಿದಳು. "ನಮ್ಮಮ್ಮನ ಸುದ್ದಿ..."

"ಅವರು ನಂಗೆ ಮಡಿಕೆ ಹೊಲಿಯೋದು ಹೇಳಿಕೊಟ್ಟೋರು. ಏನು ಬರೀಬೇಕು ಅಂತ ತೋಚಲಿಲ್ಲ. ಸಾವಿನ ಸುದ್ದಿಗಿಂತ ದೊಡ್ಡ ಮಾತು ಯಾವುದಿದೆ? ಅದು ಪೂರ್ತಿ ಮುಟ್ತು ಅಂತ ತಿಳಿಸಿದೆ. ಗವಸಿನ ತನಕ."

ಬಟ್ಟೆಯ ರಾಶಿಗೆ ಹಣೆ ಆನಿಸಿ ನಿಂತಿದ್ದ ಅಕ್ಕ, "ನಂದು ತಪ್ಪಾಯ್ತು" ಎಂದಳು. ಆ ಒಂದು ಮಾತನ್ನು ಅವನು ತಿರುಗಿ ಹೇಳಲಿಲ್ಲ. "ಊಟ ಆಯ್ತಾ?" ಎಂದು ಕೇಳಿದ.

ಅಕ್ಕ ಫೋರಂನಲ್ಲಿ ಎಲ್ಲರಿಗೂ ಕಾಣುವಂತೆ ಬರೆದಳು. ನಾನೇ ಬರೆದ ಎರಡು ನಿಯಮಗಳನ್ನು ಒಂದೇ ಬೆರಳಿನಲ್ಲಿ ಮುರಿದೆ, ಅವನನ್ನೂ ಕೇಳಲಿಲ್ಲ, ನನ್ನ ತಂಗಿಯನ್ನೂ ಕೇಳಲಿಲ್ಲ, ಇನ್ನು ಯಾರನ್ನೇ ಹೊರಗೆ ಹಾಕುವ ಅಧಿಕಾರ ನನಗೆ ಬೇಡ, ಅದು ಟೈಲರ್ ಮಾವನಿಗಿರಲಿ ಎಂದಳು. ಚುಕ್ಕಾಣಿಯ ಕತೆಯನ್ನೂ ಅವನ ಒಪ್ಪಿಗೆ ಪಡೆದು ಹೇಳಿದಳು. ಅಂದು ಬೆನ್ನು ತಟ್ಟಿದವರೆಲ್ಲ ಇಂದೂ ಬೆನ್ನು ತಟ್ಟಿದರು. ಬೆನ್ನು ಯಾರದು, ಯಾತಕ್ಕೆ ಎಂದು ನೋಡುವ ಗೊಡವೆ ಅವರಿಗಿದ್ದಂತೆ ಕಾಣಲಿಲ್ಲ. ಪರದೆಯಮ್ಮ ಮಾತ್ರ ಏನೂ ಬರೆಯದೆ ತಿಂಗಳುಗಟ್ಟಲೆ ತಲೆತಪ್ಪಿಸಿಕೊಂಡಳು.

ಅವನು ಬರುತ್ತಾನೋ ಇಲ್ಲವೋ ಎಂದು ತಂಗಿ ದಿನಾ ಸಂಜೆ ನೋಡುವಳು. ಅಕ್ಕ ನೋಡದವಳ ಹಾಗೆ ನಟಿಸಿ ನೋಡುವಳು. ಅವನು ಮತ್ತೆ ಬಂದು ಯಾರದಾದರೂ ಒಂದು ಸಾಲನ್ನು ತಿರುಗಿ ಹೇಳಿದರೆ, ಅಷ್ಟಾದರೆ ಸಾಕು, ಅಮ್ಮ ಇದ್ದಾಗಿನ ಫೋರಂ ಒಂದು ಮೂಲೆಯಲ್ಲಾದರೂ ಉಳಿದ ಹಾಗೆ ಎಂದು ಅವಳಿಗೆ ಒಳಗೊಳಗೇ ಆಸೆಯಿತ್ತು. ಅವನು ಬಂದ. ಮೊದಮೊದಲು ಸುಮ್ಮನೆ ಓದಿಕೊಂಡು ಹೋಗುತ್ತಿದ್ದ.

ಹೀಗಿರುವಾಗ ಪರದೆಯಮ್ಮ ಮತ್ತೆ ಕಾಣಿಸಿಕೊಂಡಳು. "ನಮ್ಮ ಅಂಗಡಿ ಇವತ್ತು ಮುಚ್ಚಿದೆವು. ಬೋರ್ಡು ಬಿಚ್ಚುವುದಕ್ಕೆ ಯಜಮಾನರ ಕೈ ಏಳಲಿಲ್ಲ. ಅವರು ಏಣಿ ಹಿಡಿದುಕೊಂಡರು, ನಾನೇ ಹತ್ತಿ ಬಿಚ್ಚಿದೆ" ಎಂದು ಬರೆದಿದ್ದಳು. ಬರೆದವಳು ಯಾರ ಉತ್ತರಕ್ಕೆ ಕಾಯುತ್ತಿದ್ದಾಳೆ ಎಂದು ಅಕ್ಕನಿಗೆ ಹೇಳದೆಯೇ ತಿಳಿಯಿತು. ಅಷ್ಟೆಲ್ಲ ಆದ ಮೇಲೆ, ಏಣಿಯ ಮಾತನ್ನು ಅವಳು ಸುಮ್ಮಸುಮ್ಮನೆ ಬರೆದಿರಲಾರಳು.

ಉತ್ತರಗಳು ಬಂದವು. ಬೇಸರವಾಯಿತು, ಧೈರ್ಯವಾಗಿರಿ, ಎಲ್ಲ ಒಳ್ಳೆಯದಾಗುತ್ತದೆ. ಕ್ಯಾನ್ವಾಸ್ ಎಂಬ ಹೆಸರೂ ಬಂತು. "ಬೇಸರದ ಸಂಗತಿ. ಧೈರ್ಯವಾಗಿರಿ. ಒಳ್ಳೆಯದಾಗಲಿ." ಜೊತೆಗೊಂದು ಕೈಮುಗಿದ ಚಿತ್ರ.

ಅಕ್ಕ ಎರಡು ಸಲ ಓದಿದಳು. ತಡೆಯಲಾರದೆ ಅವನಿಗೆ ಖಾಸಗಿಯಾಗಿ ಬರೆದಳು: "ನೀವು ಮೊದಲಿನ ಹಾಗೇ ಬರೀಬಹುದು. ಈಗ ಯಾರೂ ಏನೂ ಅನ್ನಲ್ಲ. ಎಲ್ಲರಿಗೂ ಗೊತ್ತಾಗಿದೆ."

ಅವನ ಉತ್ತರ ಬೇಗನೇ ಬಂತು. "ಬೇಡ ಅಕ್ಕ. ಹೊರಗಿದ್ದಷ್ಟು ದಿನ ಹಳೇದೆಲ್ಲ ಓದಿದೆ. ಬೇರೆಯವರು ಹೇಗೆ ಬರೀತಾರೆ ಅಂತ ನೋಡಿ ಕಲಿತುಕೊಂಡೆ. ಹೀಗೆ ಬರೆದ್ರೆ ಯಾರಿಗೂ ನೋವಾಗಲ್ಲ."

ಎಷ್ಟು ಸೌಜನ್ಯ, ಎಷ್ಟು ಒಳ್ಳೆಯ ಮಾತು. ಅಕ್ಕನಿಗೆ ಕಿರುಚಬೇಕೆನ್ನಿಸಿತು. ಈ ಸಲ ಯಾರೂ ಅವನಿಗೆ ಬಾಯಿ ಮುಚ್ಚು ಎಂದು ಹೇಳಿರಲಿಲ್ಲ. ಅವಳೇ ಒಂದು ಬೆರಳಿನಲ್ಲಿ ಹೇಳಿಕೊಟ್ಟ ಪಾಠವನ್ನು ಅವನು ಶ್ರದ್ಧೆಯಿಂದ ಕಲಿತು ಒಪ್ಪಿಸಿದ್ದ. ತೆಗೆದುಹಾಕಿದವನನ್ನು ವಾಪಸ್ಸು ಕರೆಯಲು ಗುಂಡಿಯಿದೆ. ಇದಕ್ಕೆ ಯಾವ ಗುಂಡಿಯೂ ಇರಲಿಲ್ಲ.

ತಂಗಿ ಆಸ್ಪತ್ರೆಯಿಂದ ಬಂದು ಚಪ್ಪಲಿ ಬಿಡುತ್ತಲೇ ಕೇಳಿದಳು. "ಪರದೆಯಮ್ಮನಿಗೆ ಅವನು ಬರೆದ್ನಾ?"

"ಬರೆದ."

"ಏನಂತ?"

"ಎಲ್ಲರೂ ಬರೆದಿದ್ದನ್ನೇ."

ತಂಗಿ ಬ್ಯಾಗನ್ನು ಹೆಗಲಿನಿಂದ ಇಳಿಸದೆ ಅಲ್ಲೇ ನಿಂತಳು. "ಏಣಿ ವಿಷಯ?"

"ಇಲ್ಲ" ಎಂದಳು ಅಕ್ಕ. "ಏಣಿ ವಿಷಯ ಯಾರೂ ಬರೆದಿಲ್ಲ."